ಈಶಾನ್ಯ ಮೂಲೆಯ ಚಟ್ನಿ ಗುಂಡು

ಸುದ್ದಿ ಬಂದಾಗ ನಾನು ಕೆಂಪು ಮೆಣಸಿನಕಾಯಿ ಚಟ್ನಿ ಅರೆಯುತ್ತಿದ್ದೆ. ಮನೆಯಲ್ಲಿ ಮಿಕ್ಸಿ ಇತ್ತು, ಅವತ್ತು ಕರೆಂಟೂ ಇತ್ತು. ಆದರೆ ಮಿಕ್ಸಿ ಚಟ್ನಿಗೆ ಕರೆಂಟಿನ ವಾಸನೆ ಹೊಡೆಯುತ್ತದೆ ಎಂಬುದು ನಮ್ಮತ್ತೆಯ ಮಾತು. ಚಿಪ್ಪಗಿರಿ ಬಿಟ್ಟು ಆದೋನಿಗೆ ಬರುವಾಗ ಆಕೆ ಮಗನ ಸರ್ಟಿಫಿಕೇಟುಗಳನ್ನು ಮರೆತು ಚಟ್ನಿ ಅರೆಯುವ ಈ ಗುಂಡುಕಲ್ಲನ್ನು ಮಡಿಲಲ್ಲಿ ಇಟ್ಟುಕೊಂಡು ಬಂದವಳು. ಮದುವೆಯಾದ ವರ್ಷ ನಾನದನ್ನು ಕೈಜಾರಿಸಿ ಒಂದು ಅಂಚು ಮುಕ್ಕು ಮಾಡಿದ್ದೆ. ಆ ಮುಕ್ಕನ್ನು ಆಕೆ ಇವತ್ತಿಗೂ ಬಂದವರಿಗೆಲ್ಲ ತೋರಿಸುತ್ತಾಳೆ.

ಪಕ್ಕದ ಖೋಲಿಯ ಭಾಬಿ, ಬಳೆ ಮಾರುವಾಕೆ, ಬುಟ್ಟಿ ಇಳಿಸದೆಯೇ ಬಾಗಿಲಲ್ಲಿ ನಿಂತು ಹೇಳಿದಳು: "ಅಕ್ಕಾ, ಮನೀ ಪಟ್ಟಿ ಅಂಟಿಸ್ಯಾರ. ನಂದೂ ಐತಿ, ನಿಂದೂ ಐತಿ. ನಿಂದು ಎಲ್ಲಾರಕಿಂತ ತೆಳಗೈತಿ."

ಖಾರದ ಕೈಯಲ್ಲೇ ಓಡಿದೆ. ಊರು ಆಂಧ್ರದ್ದಲ್ಲವೇ, ವಾರ್ಡ್ ಆಫೀಸಿನ ಗೋಡೆಯ ಮೇಲೆ ತೆಲುಗಿನಲ್ಲಿ ಉದ್ದಾನುದ್ದ ಪಟ್ಟಿ. ಕಟ್ಟಕಡೆಯ ಸಾಲಿನಲ್ಲಿ, ಅಂಟು ಸೋರಿ ಅರ್ಧ ಮಸುಕಾದ ಜಾಗದಲ್ಲಿ ನನ್ನ ಹೆಸರು. ಕೆಳಗಾದರೇನು, ಕಾಗದ ಹರಿದದ್ದು ನನ್ನ ಹೆಸರಿನ ಕೆಳಗೆ, ಮೇಲಲ್ಲ. ದೇವರು ಲೆಕ್ಕವಿಟ್ಟು ಮಾಡುವ ಇಂಥ ಉಪಕಾರಗಳನ್ನು ನಾನು ದಿನಾ ದೀಪ ಹಚ್ಚುವಾಗ ಎಣಿಸುತ್ತೇನೆ. ದೊಡ್ಡವನ್ನು ಕೇಳಿದರೆ ಆತ ಕಿವಿ ಮುಚ್ಚಿಕೊಳ್ಳುತ್ತಾನೆ, ಚಿಕ್ಕವಕ್ಕೆ ಯಾವತ್ತೂ ಇಲ್ಲ ಅಂದಿಲ್ಲ.

ಸರ್ಕಾರ ಕೊಡುವ ಸೈಟಿನ ಪಟ್ಟಾ ಹೆಂಗಸಿನ ಹೆಸರಿನಲ್ಲೇ ಎಂದು ಕೇಳಿ, ಹತ್ತಿ ಮಾರ್ಕೆಟಿನಲ್ಲಿ ತೂಕ ಹಾಕುವ ನಮ್ಮ ಮನೆಯವರು ಊಟದ ತಟ್ಟೆ ಸರಿಸಿದರು. "ಹಂಗಾರ ನಾನು ನಿನ್ನ ಮನ್ಯಾಗ ಬಾಡಿಗ್ಯಾಂವ ಆದೆ ಅನ್ನು."

"ಈಗೇನು ಮಾಲಕರಾಗೀರೇನು?" ಅಂದೆ. ಮತ್ತೆ ತಟ್ಟೆ ಎಳೆದುಕೊಂಡರು.

ಮಾಲಕರಲ್ಲ ಎಂಬುದು ನಮಗೆ ಆ ತಿಂಗಳು ಚೆನ್ನಾಗಿ ತಿಳಿದಿತ್ತು. ಹನ್ನೊಂದು ವರ್ಷದಿಂದ ನಾವಿದ್ದದ್ದು ಒಬ್ಬ ಸಾಹುಕಾರರ ಹಳೇ ಮನೆಯ ಹಿಂದಿನ ಖೋಲಿಗಳಲ್ಲಿ ಒಂದರಲ್ಲಿ. ಐದು ಸಂಸಾರಕ್ಕೆ ಒಂದು ಬಚ್ಚಲು. ಬೆಳಿಗ್ಗೆ ಎದ್ದು ಬಚ್ಚಲ ಬಾಗಿಲು ತೆರೆದಿದ್ದರೆ ಅದೂ ನನ್ನ ಉಪಕಾರದ ಎಣಿಕೆಗೆ ಸೇರುತ್ತಿತ್ತು. ಸಾಹುಕಾರರು ಆ ಮನೆ ಮಾರಿದರು. ಕೊಂಡವರು ಅಲ್ಲಿ ಹತ್ತಿ ಗೋಡೌನು ಕಟ್ಟುವವರು, ದಸರೆಯೊಳಗೆ ಖಾಲಿ ಮಾಡಿ ಅಂದಿದ್ದರು. ಸೈಟು ಸಿಗದಿದ್ದರೆ ನಮಗೆ ಉಳಿದ ದಾರಿ ಚಿಪ್ಪಗಿರಿಯಲ್ಲಿರುವ ಮೈದುನನ ಮನೆ. ಅಲ್ಲಿ ನೀರೂ ಮುಟ್ಟುವುದಿಲ್ಲ ಎಂದು ಅತ್ತೆ ನಮ್ಮ ಮನೆದೇವರು ಉರುಕುಂದ ಈರಣ್ಣನ ಮೇಲೆ ಆಣೆ ಇಟ್ಟಿದ್ದಾಳೆ. ಆಕೆಯ ಆಣೆ ಸುಳ್ಳಾಗಬಾರದು. ಆಕೆ ಬಾಯಾರಿ ಸಾಯಲೂಬಾರದು. ಆದ್ದರಿಂದ ನನಗೆ ಮನೆ ಬೇಕೇ ಬೇಕಿತ್ತು.

ಮನೆ ಕೊಡುವವರು ಸರ್ಕಾರದ ಹೌಸಿಂಗ್ ಆಫೀಸಿನವರು. ಸರ್ಕಾರವೆಂದರೆ ಬಿಸಿಲಲ್ಲಿ ಸಾಲು ನಿಲ್ಲಿಸುವುದು ಎಂದುಕೊಂಡಿದ್ದ ನನಗೆ, ಇವರು ಶಾಮಿಯಾನಾ ಹಾಕಿ, ನೀರು ಕೊಟ್ಟು, ಮೀಟಿಂಗ್ ಮಾಡಿದ್ದು ಕಂಡು ಅನುಮಾನವೇ ಬಂತು. ಎಮ್ಮಿಗನೂರು ರಸ್ತೆಯ ಕಡೆ ಎರೆನೆಲದಲ್ಲಿ ಸೈಟು. ಸಿಮೆಂಟು, ಕಬ್ಬಿಣ ಅವರೇ ಕೊಡುತ್ತಾರೆ. ಉಸುಕು ತರಿಸುತ್ತಾರೆ. ಹತ್ತು ಮನೆಯವರು ಸೇರಿ ಒಬ್ಬ ಮೇಸ್ತ್ರಿಯನ್ನು ಹಿಡಿದುಕೊಳ್ಳಬಹುದು. ಪಾಯ ಆದ ಮೇಲೆ, ಗೋಡೆ ಆದ ಮೇಲೆ, ಚಾವಣಿ ಆದ ಮೇಲೆ ಒಡತಿ ಮುಂದೆ ನಿಂತು ಫೋಟೋ ಕೊಟ್ಟರೆ ದುಡ್ಡು ಕಂತಿನ ಮೇಲೆ ಬರುತ್ತದೆ. ಕೊಳಾಯಿ, ದಾರಿ, ಅಂಗನವಾಡಿ ಎಲ್ಲ ನಕ್ಷೆಯಲ್ಲಿತ್ತು. ಹೇಳಿದಾಕೆ ಆಂಧ್ರದ ಕರಾವಳಿ ಕಡೆಯ ಇಂಜಿನಿಯರಮ್ಮ, ಸಣ್ಣ ವಯಸ್ಸು. ತೆಲುಗು ಎಷ್ಟು ಸವಿ ಎಂದರೆ "ಆಗೋದಿಲ್ಲ" ಅಂದರೂ ಆಶೀರ್ವಾದ ಮಾಡಿದಂತೆ ಕೇಳಿಸುತ್ತಿತ್ತು.

ಆ ಸವಿ ಬಾಯಲ್ಲೇ ಆಕೆ ಕೊನೆಗೆ ಹೇಳಿದ್ದು ಇಷ್ಟು: ಚೀಟಿ ಎತ್ತಿ ಸೈಟು ಹಂಚುತ್ತೇವೆ. ಹಂಚಿದ ಹದಿನೈದು ದಿನದೊಳಗೆ ಪಾಯದ ಸುಣ್ಣದ ಗೆರೆ ಬೀಳಬೇಕು. ಬೀಳದಿದ್ದರೆ ಸೈಟು ಕಾಯುತ್ತಿರುವ ಬೇರೆಯವರಿಗೆ.

ಚೀಟಿ ಎತ್ತುವ ದಿನ ಆಷಾಢದಲ್ಲಿ ಬಂದಿತ್ತು.

ಶೂನ್ಯಮಾಸದಲ್ಲಿ ಪಾಯ ಹಾಕುವ ಹೆಂಗಸು ಆ ಶಾಮಿಯಾನಾದೊಳಗೆ ಒಬ್ಬಳೂ ಇರಲಿಲ್ಲ. ಇಂಜಿನಿಯರಮ್ಮನನ್ನು ಕೇಳಿದರೆ, ಆಫೀಸಿನ ಕ್ಯಾಲೆಂಡರಿನಲ್ಲಿ ಆಷಾಢವಿಲ್ಲ ಅಂದಳು. ನಾನು ನಮ್ಮ ಅಯ್ಯನೋರ ಹತ್ತಿರ ಹೋದೆ. ಅಯ್ಯನೋರು ಕಣ್ಣು ಮುಚ್ಚಿ, ತೆರೆದು, ದಕ್ಷಿಣೆಯ ತಟ್ಟೆ ನೋಡಿ ಉಪಾಯ ಹೇಳಿದರು. ಜ್ಯೇಷ್ಠ ಮುಗಿಯುವುದರೊಳಗೆ ಒಳ್ಳೆಯ ಗಳಿಗೆಯಲ್ಲಿ ಮುಹೂರ್ತದ ಕಲ್ಲು ಇಟ್ಟುಬಿಡಿ, ಕೆಲಸ ಶುರುವಾದ ಹಾಗೇ. ಶುರುವಾದ ಕೆಲಸ ಆಷಾಢದಲ್ಲಿ ಮುಂದುವರಿಸಲು ದೋಷವಿಲ್ಲ.

"ಯಾವ ಸೈಟಿನಾಗ ಇಡಾಣ್ರಿ? ಇನ್ನಾ ಹಂಚೇ ಇಲ್ಲಲ್ಲ" ಅಂದೆ.

"ಈಶಾನ್ಯ ಮೂಲಿಗೆ ಇಡು ತಾಯಿ. ದೇವಮೂಲಿ. ಒಳ್ಳೇದಾಗತೈತಿ."

ಅಯ್ಯನೋರ ಮೇಲೆ ನನಗೆ ಭಕ್ತಿಯಿದೆ. ಆದರೆ ಅವರ ಹತ್ತಿರ ಹೋದವಳು ನಾನೊಬ್ಬಳೇ ಎಂದುಕೊಂಡದ್ದು ಭಕ್ತಿಯಲ್ಲ, ದಡ್ಡತನ.

ಜ್ಯೇಷ್ಠದ ಕಡೇ ಸೋಮವಾರ ಬೆಳಿಗ್ಗೆ ಅತ್ತೆ, ನಾನು, ಭಾಬಿ ಶೇರ್ ಆಟೋದಲ್ಲಿ ಹೋದೆವು. ಯಾವ ಕಲ್ಲು ಇಡುವುದು ಎಂಬುದಕ್ಕೆ ಹಿಂದಿನ ದಿನ ಜಗಳವಾಗಿತ್ತು. ರಸ್ತೆಯ ಕಲ್ಲು ಮೈಲಿಗೆ ಅಂದಳು ಅತ್ತೆ. ಮನೆ ಕಲ್ಲೆಂದರೆ ನಮ್ಮಲ್ಲಿದ್ದದ್ದು ಒಂದೇ. ಗುಂಡುಕಲ್ಲಿಗೆ ಅರಿಶಿನ ಬಳಿದು, ಕುಂಕುಮ ಹಚ್ಚಿ, ಹೊಸ ರವಿಕೆ ಬಟ್ಟೆಯಲ್ಲಿ ಸುತ್ತಿಕೊಂಡೆವು. ಭಾಬಿ ಒಂದು ಇಟ್ಟಿಗೆಗೆ ಮಲ್ಲಿಗೆ ದಂಡೆ ಸುತ್ತಿ ತಂದಿದ್ದಳು. ನಿನಗ್ಯಾಕೆ ಮುಹೂರ್ತ ಎಂದು ಅತ್ತೆ ಕೇಳಿದ್ದಕ್ಕೆ, ನೀವೆಲ್ಲ ಇಟ್ಟು ನಾನೊಬ್ಬಳು ಇಡದಿದ್ದರೆ ಸೈಟು ನನ್ನ ಗುರುತು ಹಿಡಿಯುವುದು ಹೇಗೆ ಅಂದಳು.

ಆ ಬಯಲಿನ ಈಶಾನ್ಯ ಮೂಲೆಯೆಂದರೆ ಒಂದನೇ ನಂಬರಿನ ಸೈಟು. ಎರಡು ದಾರಿ ಕೂಡುವ ಜಾಗ, ಪೂರ್ವಕ್ಕೆ ಮುಖ. ಅಲ್ಲಿ ಆಗಲೇ ಐದಾರು ಕಲ್ಲು ಅರಿಶಿನ ಬಳಿದುಕೊಂಡು ಕೂತಿದ್ದವು. ಅತ್ತೆ ಅವನ್ನು ಕಳ್ಳರನ್ನು ನೋಡುವಂತೆ ನೋಡಿ, ನಮ್ಮ ಗುಂಡನ್ನು ಎಲ್ಲಕ್ಕೂ ಮುಂದೆ ಇಟ್ಟಳು. ಕಾಯಿ ಒಡೆದು ನಾನು ಕೈಮುಗಿದೆ. ಈರಣ್ಣಾ, ಇದೇ ಸೈಟು ಕೊಡು ಅಂತ ಬಾಯಿ ಬಿಟ್ಟು ಕೇಳಲಿಲ್ಲ, ಆಸೆಬುರುಕಿ ಅಂದುಕೊಂಡಾನು. ಕಲ್ಲು ಎಲ್ಲಿದೆ ನೋಡಿಕೊ ಅಂದೆ ಅಷ್ಟೇ.

ಆಮೇಲೆ ಎರಡು ವಾರ ಮಿಕ್ಸಿ ಚಟ್ನಿ. ಮನೆಯವರು ರೊಟ್ಟಿ ಮುರಿಯುತ್ತ, ಕರೆಂಟಿನ ವಾಸನೆ ಎಂದು ಅಮ್ಮ ಹೇಳುತ್ತಿದ್ದದ್ದು ಇದೇನಾ ಎಂದು ಮೂಸುತ್ತಿದ್ದರು.

ಚೀಟಿಯ ದಿನ ಹೋಗಿ ನೋಡಿದರೆ ಒಂದನೇ ನಂಬರಿನಲ್ಲಿ ಕಾಲಿಡಲು ಜಾಗವಿಲ್ಲ. ಮೂವತ್ತೋ ನಲವತ್ತೋ ಕಲ್ಲು. ಯಾರೋ ಕೆಲವಕ್ಕೆ ವಿಭೂತಿ ಪಟ್ಟೆ ಎಳೆದಿದ್ದರು, ಯಾರೋ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನೆಟ್ಟಿದ್ದರು. ಸುತ್ತ ಕಾಯಿಚಿಪ್ಪು. ನಮ್ಮನ್ನು ತಂದ ಆಟೋದವನು ಇಂಜಿನ್ ನಿಲ್ಲಿಸಿ, ಕೈಮುಗಿದು, ಹಣೆಗೆ ಕುಂಕುಮ ಇಟ್ಟುಕೊಂಡು ಹೋದ. ಎಲ್ಲಕ್ಕೂ ಮುಂದಿದ್ದ ನಮ್ಮ ಗುಂಡಿಗೆ ಯಾರೋ ಬೆಳ್ಳಿ ಬಣ್ಣದ ಕಣ್ಣು ಅಂಟಿಸಿದ್ದರು. ಮುಕ್ಕಾದ ಅಂಚು ಬಾಯಿಯಂತೆ ಕಾಣುತ್ತಿತ್ತು. ನನ್ನನ್ನೇ ನೋಡುತ್ತಿತ್ತು.

ಇಂಜಿನಿಯರಮ್ಮ ಜೀಪಿನಿಂದ ಇಳಿದು ನಿಂತುಬಿಟ್ಟಳು. "ಇದಿ ಏ ದೇವುಡಮ್ಮಾ?" ಎಂದು ಕೇಳಿದಳು.

ಯಾವ ದೇವರು ಎಂದು ಹೇಳುವವರು ಯಾರು? ನನ್ನ ಕಲ್ಲು ಅಂದರೆ ಹಂಚುವ ಮೊದಲೇ ಸರ್ಕಾರಿ ನೆಲ ಹಿಡಿದೆ ಎಂದು ಪಟ್ಟಿಯಿಂದ ಹೆಸರು ಹೊಡೆದುಹಾಕಿದರೆ? ಬಾಯಲ್ಲಿ ಅಷ್ಟು ಮಾತಿರುವ ಹೆಂಗಸರೆಲ್ಲ ಸೆರಗು ಸರಿಮಾಡಿಕೊಳ್ಳುತ್ತ ನಿಂತರು. ಯಾರೋ ಒಬ್ಬಾಕೆ ಮಾತ್ರ ಹಿಂದಿನಿಂದ, ಬಹಳ ಶಕ್ತಿಯ ದೇವರು, ತಾನೇ ಎದ್ದದ್ದು ಅಂದುಬಿಟ್ಟಳು. ಇಂಜಿನಿಯರಮ್ಮ ಚಪ್ಪಲಿ ಕಳಚಿ, ಕೈಮುಗಿದು, ತಾನು ದೇವಸ್ಥಾನದ ತಂಟೆಗೆ ಹೋಗುವುದಿಲ್ಲ ಎಂದು ಆ ಸೈಟನ್ನು ನಕ್ಷೆಯಲ್ಲಿ ಪೆನ್ಸಿಲಿನಿಂದ ಸುತ್ತಿದಳು. ಒಂದನೇ ನಂಬರಿನ ಚೀಟಿಯನ್ನು, ಚೀಟಿಗಳನ್ನು ಹಾಕಿ ತಂದಿದ್ದ ಬಿಂದಿಗೆಯಿಂದ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಆಗ ನನಗೆ ಏನೂ ಹೊಳೆಯಲಿಲ್ಲ. ಪಟ್ಟಿಯ ಮೇಲಿನಿಂದ ಹೆಸರು ಕೂಗಿದರು. ಒಬ್ಬೊಬ್ಬರೇ ಹೋಗಿ ಪ್ಲಾಸ್ಟಿಕ್ ಬಿಂದಿಗೆಯಲ್ಲಿ ಕೈಹಾಕಿ ಚೀಟಿ ಎತ್ತಿದರು. ಭಾಬಿಗೆ ಅಂಗನವಾಡಿಯ ಪಕ್ಕದ್ದು ಬಂತು. ಎಲ್ಲರಾದ ಮೇಲೆ, ಬಿಸಿಲು ನೆತ್ತಿಗೆ ಬಂದ ಮೇಲೆ, ನನ್ನ ಹೆಸರು. ಈರಣ್ಣನನ್ನು ನೆನೆದು ಮೊಣಕೈತನಕ ಕೈಹಾಕಿದೆ. ಬಿಂದಿಗೆಯ ತಳ ಸಿಕ್ಕಿತು. ಸುತ್ತ ಸವರಿದೆ. ತಳವೇ ಸಿಕ್ಕಿತು.

ಇಂಜಿನಿಯರಮ್ಮ ಒಳಗೆ ಬಗ್ಗಿ ನೋಡಿದಳು, ಪಟ್ಟಿ ನೋಡಿದಳು, ಆ ಮೂಲೆಯ ಕಡೆ ನೋಡಿದಳು. ಪಾಪ, ಆಕೆಯ ಮುಖವೂ ಬಾಡಿತು. ಒಂದು ಸೈಟು ದೇವರಿಗೆ ಹೋಯಿತಲ್ಲ, ನಿಮ್ಮದನ್ನು ಮುಂದಿನ ಹಂತದಲ್ಲಿ ನೋಡೋಣ ಅಂದಳು. ಮುಂದಿನ ಹಂತ ಯಾವಾಗ ಎಂದು ಕೇಳಿದೆ. ಬಂದಾಗ ಅಂದಳು. ದಸರೆ ಮಾತ್ರ ಹೇಳಿದ ದಿನವೇ ಬರುತ್ತದೆ.

ಅತ್ತೆ ನನ್ನ ಸೊಂಟ ಚಿವುಟಿದಳು. ಸುಮ್ಮನಿರು ಎಂದು ಅದರ ಅರ್ಥ. ಸುಮ್ಮನಿದ್ದರೆ ಮೈದುನನ ಮನೆ. ಬಾಯಿ ಬಿಟ್ಟರೆ ಮುಂದಿನ ಹಂತದಿಂದಲೂ ಹೆಸರು ಹೋಗಬಹುದು. ಇಷ್ಟು ಜನ ಕೈಮುಗಿದದ್ದನ್ನು ದೇವರಲ್ಲ ಅಂದರೆ ಪಾಪ ಬೇರೆ. ಈ ಮೂರನ್ನೂ ಮನಸ್ಸಿನಲ್ಲಿ ಹಿಡಿದುಕೊಂಡು ಹೊರಟೆ. ಸೈಟಿನ ಅಂಚಿನಲ್ಲಿ ಚಪ್ಪಲಿ ಬಿಟ್ಟೆ. ದೇವರಲ್ಲ ಎಂದು ಹೇಳಲು ಹೊರಟವಳು ಚಪ್ಪಲಿ ಯಾಕೆ ಬಿಟ್ಟೆ ಎಂದು ಭಾಬಿ ಇವತ್ತಿಗೂ ಹಂಗಿಸುತ್ತಾಳೆ. ನಮ್ಮ ಗುಂಡನ್ನು ಎತ್ತಿ, ಅದರ ಕಣ್ಣು ಕಿತ್ತು, ಸೆರಗಿನಿಂದ ಒರೆಸಿ, ಇಂಜಿನಿಯರಮ್ಮನ ಮುಂದೆ ಹಿಡಿದೆ.

"ಅಮ್ಮಾ, ಇದು ದೇವರಲ್ಲರಿ. ನಮ್ಮನಿ ಚಟ್ನಿ ಗುಂಡು. ನಾನೇ ಇಟ್ಟೀನಿ. ಬೇಕಾದ್ರ ಮೂಸಿ ನೋಡ್ರಿ."

ಆಕೆ ನಿಜಕ್ಕೂ ಮೂಸಿದಳು. ಇಪ್ಪತ್ತು ವರ್ಷದ ಬೆಳ್ಳುಳ್ಳಿ, ಗುಂಟೂರು ಮೆಣಸಿನಕಾಯಿ. ಮೂರು ಸಲ ಸೀನಿದಳು. ನಾನು ಆಷಾಢದ ಕಥೆ, ಅಯ್ಯನೋರ ಕಥೆ, ಈಶಾನ್ಯದ ಕಥೆ ಎಲ್ಲ ಹೇಳಿದೆ. ಆಕೆ ಕಣ್ಣೊರೆಸಿಕೊಳ್ಳುತ್ತ ಉಳಿದ ಹೆಂಗಸರ ಕಡೆ ತಿರುಗಿದಳು. ಇಷ್ಟು ಜನರ ಮೇಲೆ ಕೇಸು ಬರೆಯಲು ತನ್ನ ಹತ್ತಿರ ಅಷ್ಟು ಕಾಗದವಿಲ್ಲ, ತಾನು ಚಹಾ ಕುಡಿದು ಬರುವುದರೊಳಗೆ ಎಲ್ಲರೂ ತಮ್ಮ ತಮ್ಮ ದೇವರನ್ನು ಎತ್ತಿಕೊಳ್ಳಬೇಕು ಅಂದಳು.

ಆಮೇಲೆ ನೋಡಬೇಕಿತ್ತು. ತಾನೇ ಎದ್ದ ದೇವರು ಅಂದವಳೇ ಮೊದಲು ಓಡಿದವಳು. ಒಂದೇ ಕಲ್ಲಿಗೆ ಇಬ್ಬರು ಜಗ್ಗಾಡಿದರು. ಭಾಬಿಯ ಇಟ್ಟಿಗೆಗೆ ಯಾರೋ ವಿಭೂತಿ ಬಳಿದಿದ್ದರು, ಆಕೆ ಅದನ್ನು ಹಾಗೆಯೇ ಬುಟ್ಟಿಗೆ ಹಾಕಿಕೊಂಡು, ಡಬಲ್ ಆಯ್ತು ಅಂದಳು. ಕೊನೆಗೆ ಮೂರು ಕಲ್ಲು ಉಳಿದವು. ಯಾರವೂ ಅಲ್ಲ. ಎತ್ತಿ ಬಿಸಾಕಿ ಅಂದರೆ, ಅಷ್ಟು ಹೊತ್ತು ದೇವರಲ್ಲ ಎಂದು ಕಿತ್ತುಕೊಂಡವರಲ್ಲಿ ಒಬ್ಬಳೂ ಕೈಹಾಕಲಿಲ್ಲ.

ಇಂಜಿನಿಯರಮ್ಮ ಬ್ಯಾಗಿನಿಂದ ಚೀಟಿ ತೆಗೆದು ಬಿಂದಿಗೆಗೆ ಹಾಕಿದಳು. ನಿಯಮ ನಿಯಮವೇ, ನೀವೇ ಎತ್ತಬೇಕು ಅಂದಳು. ಇದ್ದದ್ದು ಒಂದೇ ಚೀಟಿ. ಆದರೂ ಈರಣ್ಣನನ್ನು ನೆನೆದೇ ಕೈಹಾಕಿದೆ.

ಒಂದನೇ ನಂಬರು ನನ್ನದಾಯಿತು. ಉಳಿದವರ ಮುಖ ನೋಡಲಾಗುತ್ತಿರಲಿಲ್ಲ. ಎಲ್ಲರ ಮುಹೂರ್ತವೂ ಈಕೆಯ ಸೈಟಿಗೇ ಬಿತ್ತಲ್ಲ ಎಂದು ಗೊಣಗಿ ಅಯ್ಯನೋರ ಮನೆಗೆ ದಂಡುಗಟ್ಟಿ ಹೋದರು. ಮುಹೂರ್ತ ಹತ್ತುವುದು ಕಲ್ಲಿಗೆ, ನೆಲಕ್ಕಲ್ಲ, ಕಲ್ಲು ಎಲ್ಲಿ ಹೋದರೂ ಹಿಂದೆಯೇ ಬರುತ್ತದೆ ಎಂದು ಅವರು ತೀರ್ಪು ಕೊಟ್ಟರು. ಹದಿನೈದು ದಿನದೊಳಗೆ ಆಷಾಢದಲ್ಲೇ ಇಡೀ ಬಯಲಿಗೆ ಸುಣ್ಣದ ಗೆರೆ ಬಿತ್ತು. ಪಾಯದ ಫೋಟೋ ತೆಗೆಯುವಾಗ ನಮ್ಮ ಮನೆಯವರು ತಲೆ ಬಾಚಿಕೊಂಡು ನನ್ನ ಪಕ್ಕ ನಿಂತರೆ, ಒಡತಿ ಮಾತ್ರ ಎಂದು ಅವರನ್ನು ಗೆರೆಯಾಚೆ ಕಳಿಸಿದರು. ಫೋಟೋದಲ್ಲಿ ಅವರ ಒಂದು ಮೊಣಕೈ ಬಂದಿದೆ. ಆ ಮೂರು ಕಲ್ಲು ಮೂಲೆಯಲ್ಲೇ ಇವೆ. ಗೋಡೆ ಕಿಟಕಿಯತನಕ ಎದ್ದಿದೆ, ಅತ್ತೆ ಸೋಮವಾರಕ್ಕೊಮ್ಮೆ ಹೋಗಿ ಅವಕ್ಕೆ ಅರಿಶಿನ ಹಚ್ಚಿ ಬರುತ್ತಾಳೆ. ಯಾರಿಗೆ ಗೊತ್ತು ಅನ್ನುತ್ತಾಳೆ.

ಚೀಟಿ ಎತ್ತಿದ ದಿನ ಮಾತ್ರ ನಾವು ಖೋಲಿಗೆ ಬಂದಾಗ ಮಧ್ಯಾಹ್ನ ಮೀರಿತ್ತು. ಗುಂಡನ್ನು ಬಚ್ಚಲ ಕಲ್ಲಿನ ಮೇಲಿಟ್ಟು ನೀರಿನ ತಂಬಿಗೆ ಹಿಡಿದೆ. ಕುಂಕುಮ ತೊಳೆಯಲು ಮನಸ್ಸು ಬರಲಿಲ್ಲ. ತೊಳೆಯದೆ ಚಟ್ನಿಯಾಗುವುದಿಲ್ಲ. "ಈರಣ್ಣಾ, ಒಳಗೆ ಏನಾರ ಇದ್ರ ಈಗ ಇಳದ್ಬಿಡಪ್ಪಾ, ಮೆಣಸಿನಕಾಯಿ ಹಾಕಾಕಿದೀನಿ" ಎಂದು ಹೇಳಿ ತೊಳೆದೆ. ಅರೆದ ಚಟ್ನಿ ಕೊಂಚ ಹಳದಿಯಾಗಿ ಬಂತು. ಅತ್ತೆ ನಾಲಿಗೆಗೆ ಹಚ್ಚಿ ನೋಡಿ, ಉಪ್ಪು ಕಮ್ಮಿ ಅಂದಳು. ಉಪ್ಪು ಹಾಕಿ, ರೊಟ್ಟಿಗೆ ಎಸರಿಟ್ಟು, ಜೋಳದ ಹಿಟ್ಟು ಜರಡಿ ಹಿಡಿಯಲು ಕೂತೆ.