ಅರಿಷಿಣದ ಕೆಳಗಿನ ನೀಲಿ

ಮೂರು ವರ್ಷದ ಹಿಂದಿನ ಮಾತು. ಗೋಕಾಕದ ಒಂದು ಚರ್ಮರೋಗದ ದವಾಖಾನೆಯಲ್ಲಿ ನಾನು ಆಯಾ. ಇಪ್ಪತ್ತು ವರ್ಷ ಜನರ ಗಾಯ ತೊಳೆದವಳು. ಕಲಿತದ್ದು ಎರಡನೇ ಇಯತ್ತೆ. ಅಲ್ಲಿ ಕೊಡುವ ಸೂಜಿಗಳಲ್ಲಿ ಎರಡು ನನಗೆ ಚೆನ್ನಾಗಿ ಗೊತ್ತು. ಬೊಟಾಕ್ಸ್ ಸ್ನಾಯುವನ್ನು ಸಡಿಲು ಮಾಡುತ್ತದೆ; ಹಣೆಯ ನಿರಿಗೆಗೆ ಕೊಡುತ್ತಾರೆ, ಅಂಗೈ ಅತಿಯಾಗಿ ಬೆವರುವವರಿಗೂ ಕೊಡುತ್ತಾರೆ. ಫಿಲ್ಲರ್ ಲೋಳೆಯಂಥದ್ದು; ತುಟಿ, ಕೆನ್ನೆ ತುಂಬಿಸಲಿಕ್ಕೆ. ಅದು ತಪ್ಪಿ ರಕ್ತನಾಳಕ್ಕೆ ಹೊಕ್ಕರೆ ರಕ್ತ ನಿಲ್ಲುತ್ತದೆ, ಚರ್ಮ ಸಾಯುತ್ತದೆ; ತುಟಿಗೆ ಚುಚ್ಚಿದ್ದು ಮೂಗನ್ನೂ ಕೆಡಿಸಬಹುದು.

ಅಂದು ಮುಂಜಾನೆ ಮೂಡಲಗಿಯ ಒಬ್ಬ ತಾಯಿ ಮಗಳು ಸವಿತಾಳನ್ನು ಕರೆತಂದಳು. ಮರುದಿನ ಹುಕ್ಕೇರಿಯಲ್ಲಿ ಆ ಹುಡುಗಿಯ ಮದುವೆ. ಮುಖದ ತುಂಬ ಅರಿಷಿಣ.

“ಅರಿಷಿಣ ಆಗಿ ಬಂದಿಲ್ರಿ. ಒಂದ್ ಮುಲಾಮ ಕೊಡ್ರಿ, ಹೋಗತೇವಿ” ಎಂದಳು ತಾಯಿ.

ಹುಡುಗಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಗದರಿಸಿ ಕೇಳಿದ ಮೇಲೆ ಹೇಳಿದಳು: ಬೀಗರು ತುಟಿ ತೆಳು ಅಂದಿದ್ದರಂತೆ. ಹಿಂದಿನ ದಿನ ಇಲ್ಲೇ ಗೋಕಾಕದ ಒಂದು ಬ್ಯೂಟಿ ಪಾರ್ಲರಿನಲ್ಲಿ ಸೂಜಿ ಚುಚ್ಚಿಸಿಕೊಂಡಿದ್ದಾಳೆ. ಆಗಿನಿಂದ ಉರಿ.

“ಮೊದಲ ಮುಖಾ ತೊಳಿ” ಎಂದೆ.

ತಾಯಿ ಅಡ್ಡ ನಿಂತಳು. “ಅಯ್ಯ, ಮದವಿ ದಿನಾ ಸುರಗಿ ನೀರ ಹಾಕೂಮಟ ಅರಿಷಿಣ ತೊಳಿಯಂಗಿಲ್ರಿ. ಅಪಶಕುನ!”

“ಅರಿಷಿಣ ಸಂತ್ಯಾಗ ಸಿಗತೈತಿ ಯವ್ವಾ. ಮೂಗು ಸಿಗಂಗಿಲ್ಲ.”

ಹುಡುಗಿಯೇ ನಲ್ಲಿಗೆ ಮುಖ ಒಡ್ಡಿದಳು. ಮೇಲ್ದುಟಿಯಿಂದ ಮೂಗಿನ ಹೊಳ್ಳೆಯವರೆಗೆ ಬಲೆ ಬಿಡಿಸಿದಂತೆ ನೀಲಿ. ಬೆರಳಿಂದ ಒತ್ತಿ ಬಿಟ್ಟೆ. ಕೂಡಲೇ ಬಣ್ಣ ಮರಳಬೇಕು, ಮರಳಲಿಲ್ಲ.

ನಮ್ಮ ಡಾಕ್ಟರ್ ಬಾಯಿಯವರಿಗೆ ಫೋನು ಹಚ್ಚಿದೆ. ಅವರಿನ್ನೂ ದಾರಿಯಲ್ಲಿ, ಧುಪದಾಳದ ಹತ್ತಿರ ಇದ್ದರು. “ಯಾವ ಫಿಲ್ಲರ್ ಅಂತ ಗೊತ್ತಾಗಬೇಕು ಆಯಿ. ಹಯಲುರಾನಿಕ್ ಇದ್ರ ಕರಗಸಬಹುದು. ಬ್ಯಾರೆ ಇದ್ರ ನನ್ನ ಔಷಧ ನಡಿಯಂಗಿಲ್ಲ. ನಾ ಬರೂದ್ರೊಳಗ ಡಬ್ಬಿ ತಂದಿಡು” ಎಂದರು.

ಆಟೋ ಹತ್ತಿ ಪಾರ್ಲರಿಗೆ ಹೋದೆ. ಅಲ್ಲಿಯ ಹೆಂಗಸು ಫ್ರಿಜ್ ತೆಗೆದಳು. ಮೊಸರಿನ ಪಾತ್ರೆ, ಮೆಹೆಂದಿ ಕೋನು, ಅವುಗಳ ನಡುವೆ ಅರ್ಧ ಖಾಲಿಯಾದ ಸಿರಿಂಜು. ಸೂಜಿಯ ಬುಡದಲ್ಲಿ ಒಣಗಿದ ರಕ್ತ.

“ಇದು ಎಷ್ಟ್ ಮಂದಿಗೆ ಚುಚ್ಚಿದ್ದು?”

“ಮೂರ ಮಂದಿಗೆ. ತುಟ್ಟಿ ಔಷಧ ಐತಿ, ಚೆಲ್ಲಾಕ ಬರತೈತೇನ್ರಿ?”

ಹಂದಿಗೂ ಯಾರೂ ಹಾಗೆ ಒಂದೇ ಸೂಜಿ ಚುಚ್ಚುವುದಿಲ್ಲ. ಬೈಯಲು ಹೊತ್ತಿರಲಿಲ್ಲ. ನನಗೆ ಇಂಗ್ಲಿಷ್ ಓದಲು ಬಾರದು. ಡಬ್ಬಿ, ಚೀಟಿ, ಸಿರಿಂಜು ಎಲ್ಲವನ್ನೂ ಪಿಶವಿಗೆ ಹಾಕಿಕೊಂಡು ಬಂದೆ.

ಪುಣ್ಯಕ್ಕೆ ಅದು ಹಯಲುರಾನಿಕ್ಕೇ. ಡಾಕ್ಟರ್ ಬಾಯಿ ಬಂದು ಹಯಲುರಾನಿಡೇಸ್ ಎಂಬ ಕರಗಿಸುವ ಔಷಧ ಚುಚ್ಚಿದರು. ತಾಸಿಗೊಮ್ಮೆ ನೋಡಿ ಮತ್ತೆ ಮತ್ತೆ ಚುಚ್ಚಿದರು. ನಾನು ಬೆರಳಿಂದ ಒತ್ತಿ ನೋಡುತ್ತ ಕೂತೆ. ಸಂಜೆಯ ಹೊತ್ತಿಗೆ ಹೊಳ್ಳೆಗೆ ಬಣ್ಣ ಬಂತು. ಮೂವರ ರಕ್ತ ತಾಗಿದ ಸೂಜಿಯೆಂದು ರಕ್ತ ಪರೀಕ್ಷೆಯನ್ನೂ ಬರೆದುಕೊಟ್ಟರು.

ಆಗ ತಾಯಿ ಮಗಳ ಮುಖವನ್ನು ಬೆಳಕಿಗೆ ಹಿಡಿದು ನೋಡಿದಳು. “ತುಟಿ ಮತ್ತ ತೆಳ್ಳಗಾತಲ್ರಿ!”

ಆ ಫ್ರಿಜ್ ನೋಡಿದಾಗಲೂ ನನಗೆ ಅಷ್ಟು ಹೇಸಿಗೆ ಆಗಿರಲಿಲ್ಲ.

ಗಾಯಕ್ಕೆ ಏನೂ ಹಚ್ಚಬಾರದೆಂದು ಡಾಕ್ಟರ್ ಬಾಯಿ ತಾಕೀತು ಮಾಡಿದ್ದರು. ಮರುದಿನ ಮುಖಕ್ಕೆ ಅರಿಷಿಣವಿಲ್ಲದೆಯೇ ಸವಿತಾ ಹುಕ್ಕೇರಿಗೆ ಹೋದಳು, ತನ್ನ ತೆಳು ತುಟಿ ಇಟ್ಟುಕೊಂಡು. ತುಟಿಯ ಮೇಲೆ ಜೋಳದ ಕಾಳಿನಷ್ಟು ಕಲೆ ಉಳಿದಿದೆ.

ಈಗ ಯಾರು ಏನು ಬಳಿದುಕೊಂಡು ಬಂದರೂ ಮೊದಲು ತೊಳೆಸುತ್ತೇನೆ, ಚರ್ಮ ನೋಡುತ್ತೇನೆ. ಜೊತೆಗೆ ಬಂದವರ ಮಾತು ಆಮೇಲೆ.