ಅರಿಶಿನ ಬೂರುಗ ತೋರಿಸಿದ ಅಜ್ಜಿ

ದಿಬ್ಬೂರಹಳ್ಳಿ ಕಡೆಯ ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ವರ್ಗವಾಗಿ ಬಂದ ಹೊಸದರಲ್ಲಿ ನನಗೆ ಊರೂ ಹಿಡಿಸಿರಲಿಲ್ಲ, ಊರ ಹಿಂದಿನ ಬೋಳುಗುಡ್ಡವೂ ಹಿಡಿಸಿರಲಿಲ್ಲ. ಬಿ.ಪಿ. ಮಾತ್ರೆಗೆ ಬರುತ್ತಿದ್ದ ಕುರಿ ಕಾಯುವ ಅಜ್ಜಿಯೊಬ್ಬರು ಶಿವರಾತ್ರಿಯ ಆಸುಪಾಸಿನಲ್ಲಿ ಒಂದು ದಿನ ಸೆರಗಿನಿಂದ ಹೂವೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅಂಗೈಯಗಲದ ಹೂ, ಅಪ್ಪಟ ಹಳದಿ.

“ಅರಿಶಿನ ಬೂರುಗ ಕಣಮ್ಮ. ತೆಲುಗಲ್ಲಿ ಕೊಂಡಗೋಗು ಅಂತಾರೆ. ನಾನು ಮದ್ವೆಯಾಗಿ ಬಂದಾಗ ಗುಡ್ಡದ ತುಂಬ ಇದ್ವು. ಕ್ವಾರಿ ಬಂದು ಎಲ್ಲಾ ಹೋಗಿ ಈಗ ಒಂದೇ ಒಂದು ಉಳಿದೈತೆ. ಬಾ, ತೋರಿಸ್ತೀನಿ.”

ಭಾನುವಾರ ಅವರ ಹಿಂದೆ ಗುಡ್ಡ ಹತ್ತಿದೆ. ಬಂಡೆಯ ಬಿರುಕಿನಲ್ಲಿ ಬೇರಿಳಿಸಿದ ಮರ. ಎಲೆ ಒಂದೂ ಇಲ್ಲ, ಮೈತುಂಬ ಹೂ. ಹತ್ತು ಮಾರು ಆಚೆಗೆ ಕಲ್ಲು ಒಡೆದ ಗುಂಡಿ. ಮರವಿರುವ ಬಂಡೆಯನ್ನು ಒಡೆಯಬಾರದೆಂದು ಅಜ್ಜಿ ಹೇಳಿದಂತೆ ಅರ್ಜಿ ಬರೆದು, ಊರವರ ಸಹಿ ಹಾಕಿಸಿ ತಾಲ್ಲೂಕು ಕಚೇರಿಗೆ ಕೊಟ್ಟುಬಂದೆ. ಉತ್ತರ ಬರಲಿಲ್ಲ.

ಬೇಸಿಗೆಯಲ್ಲಿ ಕಾಯಿ ಒಡೆದು ಹತ್ತಿ ಹಾರತೊಡಗಿದಾಗ ಇಬ್ಬರೂ ಬೀಜ ಆಯ್ದೆವು. ಹಾಲಿನ ಕವರುಗಳಲ್ಲಿ ಮಣ್ಣು ತುಂಬಿ ಬಿತ್ತಿದೆ. ತಿಂಗಳಾದರೂ ಒಂದೂ ಮೊಳೆಯಲಿಲ್ಲ. ಅಜ್ಜಿ ನಕ್ಕರು.

“ಹಂಗೇ ಹಾಕಿದ್ರೆ ಹುಟ್ಟುತ್ತಾ ಸಿಸ್ಟರಮ್ಮ? ಸಿಪ್ಪೆ ಗಟ್ಟಿ ಐತೆ. ಕಲ್ಲಿಗೆ ಉಜ್ಜಿ, ನೀರಲ್ಲಿ ನೆನೆಹಾಕು.”

ಹಾಗೆ ಮಾಡಿದ ಮೇಲೆ ಎರಡು ಸಸಿ ಎದ್ದವು.

ಮಳೆಗಾಲ ಮುಗಿಯುವಷ್ಟರಲ್ಲಿ ಮರವಿದ್ದ ಬಂಡೆಯನ್ನೂ ಸಿಡಿಸಿದರು. ಅಜ್ಜಿ ಕೇಂದ್ರಕ್ಕೆ ಬಂದು ಬೆಂಚಿನ ಮೇಲೆ ಕೂತರು. ಬಿ.ಪಿ. ಏರಿತ್ತು. ಮಾತ್ರೆ ಕೊಟ್ಟು, ಟೀ ಕುಡಿಸಿ, ಕೈಹಿಡಿದು ಹಿತ್ತಲಿಗೆ ಕರೆದೊಯ್ದೆ. ಸಸಿಯ ಎಲೆಯನ್ನು ಸವರಿ, “ಇವಾದ್ರೂ ಉಳಿದ್ವಲ್ಲ, ಸಾಕು ಬಿಡು” ಎಂದರು.

ಒಂದನ್ನು ಅವರ ಹೊಲದ ಬದುವಿನಲ್ಲಿ ನೆಟ್ಟೆವು. ಅವರದೇ ಮೇಕೆ ಮೇಯ್ದುಬಿಟ್ಟಿತು. ವಾರವಿಡೀ ಅದನ್ನು ಬೈದರು. ಇನ್ನೊಂದು ಕೇಂದ್ರದ ಹಿಂದಿನ ಕಲ್ಲುನೆಲದಲ್ಲಿ ಬೇರೂರಿತು. ಕೆಲವು ವರ್ಷಗಳ ನಂತರ ಬೇರೆ ಕಡೆಗೆ ವರ್ಗವಾಗುವ ಅವಕಾಶ ಬಂದಾಗ ನಾನೇ ಬೇಡವೆಂದೆ. ಕಾರಣ ಮರವೊಂದೇ ಅಲ್ಲ. ಬರೀ ಕಲ್ಲು ಎಂದುಕೊಂಡಿದ್ದ ಈ ನೆಲವನ್ನು ನೋಡಲು ಕಲಿಸಿದವರು ಆಕೆ. ಆ ಋಣ ದೊಡ್ಡದು.

ಈ ವರ್ಷ ಮೊದಲ ಸಲ ಮೂರು ಹೂ ಅರಳಿದವು. ಅಜ್ಜಿಗೆ ಈಗ ಕಣ್ಣು ಮಂಜು. ಕೊಂಬೆ ಬಗ್ಗಿಸಿ ಹೂವಿಗೆ ಅವರ ಬೆರಳು ತಾಗಿಸಿದೆ. ಎಸಳೊಂದೊಂದನ್ನೂ ಮುಟ್ಟಿ ನೋಡಿ, ಗಲ್ಲಕ್ಕೊತ್ತಿಕೊಂಡರು. ಮಕ್ಕಳಿಗೆ ಲಸಿಕೆ ಹಾಕಿಸಲು ಬಂದಿದ್ದ ಇಬ್ಬರು ತಾಯಂದಿರು, “ಕಾಯಿ ಕಟ್ಟಿದ್ರೆ ನಮ್ಗೂ ಬೀಜ ಕೊಡಿ ಸಿಸ್ಟರ್” ಎಂದು ಹೇಳಿ ಹೋಗಿದ್ದಾರೆ.