ಬಾಯಿಗೆ ಕೈ ಅಡ್ಡ ಇಡದವಳು

ಅವಳ ಮುಂದಿನ ಎರಡು ಹಲ್ಲುಗಳು ತುಟಿಯಿಂದ ಹೊರಗೇ ಇರುತ್ತಿದ್ದವು. ನಕ್ಕರೆ ಒಸಡು ಸಮೇತ ಕಾಣುತ್ತಿತ್ತು. ಆ ಪ್ರಾಯದ ಬೇರೆ ಹುಡುಗಿಯರಾಗಿದ್ದರೆ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ಇವಳು ಎರಡೂ ಕೈ ಸೊಂಟಕ್ಕಿಟ್ಟು, ಆಕಾಶ ನೋಡಿ ನಗುತ್ತಿದ್ದಳು.

ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಅಮ್ಮ ನನ್ನನ್ನು ಮಂಗಳೂರಿನಿಂದ ಪೈವಳಿಕೆಯ ಚಿಕ್ಕಮ್ಮನ ಮನೆಗೆ ಕಳಿಸಿದಳು. ಹಳ್ಳಿಯಲ್ಲಿ ಓಡಾಡಿ ಮಗಳು ಸ್ವಲ್ಪ ಕರಗಲಿ ಎಂದು ಅವಳ ಆಸೆ. ನಾನು ದಪ್ಪ. ಶಾಲೆಯ ಗ್ರೂಪ್ ಫೋಟೊದಲ್ಲಿ ಯಾವಾಗಲೂ ಹಿಂದಿನ ಸಾಲು, ಎಂಥ ಸೆಕೆಯಲ್ಲೂ ಮೈತುಂಬ ದುಪಟ್ಟಾ. ಈ ಹಲ್ಲಿನ ಹುಡುಗಿ ಚಿಕ್ಕಮ್ಮನ ಆಚೆಮನೆಯವಳು, ನನ್ನದೇ ಪ್ರಾಯ, ಹಿಡಿಸೂಡಿಯ ಕಡ್ಡಿಯಂತೆ ಸಪೂರ.

ಆ ಕಡೆ ಹಲಸಿನ ಹಪ್ಪಳವನ್ನು ಒಂದೇ ಮನೆಯವರು ಮಾಡಿ ಮುಗಿಸುವುದಿಲ್ಲ. ಇವತ್ತು ಈ ಮನೆ, ನಾಳೆ ಆ ಮನೆ ಎಂದು ನೆರೆಯ ಹೆಂಗಸರೆಲ್ಲ ಸೇರುತ್ತಾರೆ. ರುಬ್ಬಿದ ಹಲಸಿನ ಸೊಳೆಯ ಉಂಡೆಯನ್ನು ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಹಲಗೆಯಿಂದ ಒತ್ತಬೇಕು. ಚಿಕ್ಕಮ್ಮನ ಮನೆಯದು ಉದ್ದದ ಹಲಗೆ. ತುದಿಯಲ್ಲಿ ಯಾರಾದರೂ ಕೂತು ಎದ್ದರೆ ಆ ಭಾರಕ್ಕೇ ಉಂಡೆ ಹರಡಿ ಕೆಲಸ ಸಲೀಸು. ನಾನು ಒಳಕೋಣೆಯಲ್ಲಿ ಮೊಬೈಲು ಹಿಡಿದು ಅಡಗಿದ್ದೆ. ಆ ಹುಡುಗಿ ಬಾಗಿಲಿಗೆ ಬಂದು ಎಲ್ಲರಿಗೂ ಕೇಳುವಂತೆ ಕೂಗಿದಳು.

"ಇಲ್ಲಿ ಎಂತ ಮಾಡ್ತಿ ಮಾರಾಯ್ತಿ? ನಾನು ಕೂತ್ರೆ ಹಲಗೆಗೆ ಗೊತ್ತೇ ಆಗುದಿಲ್ಲ. ನಿನ್ನ ಭಾರ ಬೇಕು, ಬಾ!"

ನನಗೆ ಅಳು ಬಂತು. "ತಮಾಷೆ ಮಾಡ್ತಿಯಾ?" ಎಂದೆ.

"ತಮಾಷೆ ಎಂತದ್ದು? ನನ್ನ ಹಲ್ಲು ಹೀಗೆ ಉಂಟು, ನೀನು ಹಾಗೆ ಇದ್ದಿ. ಉಂಡೆ ಒಣಗ್ತದೆ, ಬೇಗ ಬಾ."

ಕೈ ಹಿಡಿದು ಎಳೆದೇ ಹೋದಳು. ನಾನು ಕೂತೆ. ಹಪ್ಪಳ ತೆಳ್ಳಗೆ, ದುಂಡಗೆ ಹರಡಿತು. ಯಾರೂ ನಗಲಿಲ್ಲ. ಮರುದಿನ ಇನ್ನೊಂದು ಮನೆಯವರು ನನ್ನನ್ನೇ ಕೇಳಿಕೊಂಡು ಬಂದರು. ಬೇಸಿಗೆಯಿಡೀ ನಾವಿಬ್ಬರೂ ಮನೆಮನೆ ಸುತ್ತಿದೆವು. ಕಾಗೆ ಓಡಿಸುವ ನೆಪದಲ್ಲಿ ಚಾಪೆಯ ಬಳಿ ಕೂತು ಅರೆ ಒಣಗಿದ ಹಪ್ಪಳ ಕದ್ದು ತಿಂದೆವು. ದುಪಟ್ಟಾ ಎಲ್ಲಿ ಹೋಯಿತೋ ನೆನಪಿಲ್ಲ. ಊರಿಗೆ ಮರಳಿದಾಗ ನಾನು ಒಂದಿಷ್ಟೂ ಕರಗಿರಲಿಲ್ಲ. ಅಮ್ಮನಿಗೆ ನಿರಾಸೆಯಾಯಿತು, ನನಗೆ ಆಗಲಿಲ್ಲ.

ಕಳೆದ ವರ್ಷ ಚಿಕ್ಕಮ್ಮನ ಮನೆಯ ಪೂಜೆಗೆ ಹೋದಾಗ ಅಂಗಳದಲ್ಲಿ ಅವಳು ಸಿಕ್ಕಿದಳು. ಮದುವೆಯಾಗಿ ದುಬೈಯಲ್ಲಿರುವವಳು, ಗಂಡನೊಂದಿಗೆ ರಜೆಯಲ್ಲಿ ಬಂದಿದ್ದಳು. ಹೆಣ್ಣು ನೋಡಲು ಬಂದವರು ಒಬ್ಬರ ಹಿಂದೆ ಒಬ್ಬರು ಹಲ್ಲಿನ ಮಾತೆತ್ತಿ ಎದ್ದು ಹೋದದ್ದನ್ನು ಚಿಕ್ಕಮ್ಮ ಮೊದಲೇ ಹೇಳಿದ್ದಳು. ಕೊನೆಗೆ ಒಪ್ಪಿದ ಮನೆಯವರೂ ಮದುವೆಯ ಫೋಟೊಕ್ಕೆ ಬಾಯಿ ಮುಚ್ಚಿಕೋ ಎಂದರಂತೆ.

"ಎಂತ ಮಾರಾಯ್ತಿ, ಈಗಲೂ ಹಲಗೆ ಒತ್ತುತ್ತಿಯಾ?" ಎಂದು ಕೇಳಿ ನಕ್ಕಳು. ಕೈ ಬಾಯಿಯ ಮೇಲಿತ್ತು.

ನನಗೆ ಅವಳು ಕೊಟ್ಟದ್ದನ್ನು ಅವಳಿಗಾಗಿ ಯಾರೂ ಉಳಿಸಿಕೊಡಲಿಲ್ಲವಲ್ಲ ಎಂದು ತುಂಬ ಸಂಕಟವಾಯಿತು. "ಹಲ್ಲು ತೋರಿಸು ಮಾರಾಯ್ತಿ, ನೋಡದೆ ಎಷ್ಟು ಕಾಲ ಆಯ್ತು" ಎಂದು ಆ ಕೈ ಹಿಡಿದು ಕೆಳಗಿಳಿಸಿದೆ. ಆಕಾಶ ನೋಡಿ ನಕ್ಕಳು, ಆ ಬೇಸಿಗೆಯ ಹಾಗೆಯೇ.

ಅಷ್ಟರಲ್ಲಿ ಒಳಗಿನಿಂದ ಗಂಡ ಕರೆದ. ನನ್ನಿಂದ ಬಿಡಿಸಿಕೊಂಡ ಕೈ, ಅವಳು ಮೆಟ್ಟಿಲು ಹತ್ತುವ ಮೊದಲೇ ಮತ್ತೆ ಬಾಯಿಗೆ ಹೋಯಿತು.